ಉಬುಂಟು ಸರ್ವರಲ್ಲಿರೋ ಸಾಂಬಾ (ಲಿನಕ್ಸಲ್ಲಿರೋ ಫೋಲ್ಡರನ್ನ ವಿಂಡೋಸಿಗೆ ಹಂಚೋ ಸಾಫ್ಟ್‌ವೇರ್) ಫೋಲ್ಡರ್ ವಿಂಡೋಸಲ್ಲಿ ತೆಗೆಯೋಕೆ ಹೋದ್ರೆ ಪಾಸ್‌ವರ್ಡ್ ಕೇಳ್ತಾನೇ ಇರತ್ತೆ. 777 (ಎಲ್ರಿಗೂ ಎಲ್ಲಾ ಹಕ್ಕು ಕೊಡೋ ಪರ್ಮಿಷನ್) ಕೊಟ್ಟು ಗೆಸ್ಟ್ (ಪಾಸ್‌ವರ್ಡ್ ಇಲ್ದೇ ಬರೋದು) ಆನ್ ಮಾಡಿದ್ರೆ ಸಾಕಾ? ಒಂದು ವಿಂಡೋಸ್ ಎಕ್ಸ್‌ಪಿ ಮೆಷಿನ್ನೂ ಇದೆ, ಅದಕ್ಕೆ ಎಸ್‌ಎಂಬಿ1 (ಫೈಲ್ ಹಂಚೋ ಹಳೇ ವಿಧಾನ) ಆನ್ ಮಾಡ್ಲಾ?

ನಂಗಂತೂ ಅವತ್ತು ಸಾಕಾಗಿತ್ತು ಸಾರ್, ತೊಂದ್ರೆ ಇದ್ದಿದ್ದೇ ಅಲ್ಲಿ. ನಾನೂ ಅದನ್ನೇ ಮಾಡಿದ್ದೆ, ಮೂರು ವಾರ ಎಲ್ರೂ ಖುಷಿಯಾಗಿದ್ವಿ.

2018ರಲ್ಲಿ ತುಮಕೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಲ್ಲಿ ಡಿಟಿಪಿ ಮಾಡ್ತಿದ್ದೆ. ಐದು ವಿಂಡೋಸ್ ಪಿಸಿ, ಎಲ್ಲಾದ್ರಲ್ಲೂ ಕೋರೆಲ್‌ಡ್ರಾ, ಕನ್ನಡ ಟೈಪ್ ಮಾಡೋಕೆ ನುಡಿ, ಫೈಲ್ ಓಡಾಡ್ಸೋಕೆ ಒಂದೇ ಪೆನ್‌ಡ್ರೈವ್, ಅದೋ ವೈರಸ್ಸಿನ ತವರುಮನೆ. ನಂಗೆ ಒಂಚೂರು ಲಿನಕ್ಸ್ ಬರತ್ತೆ ಅನ್ನೋ ಕಾರಣಕ್ಕೆ ಓನರ್ರು ಮೂಲೇಲಿ ಧೂಳು ತಿಂತಿದ್ದ ಪಿಸಿ ತೋರ್ಸಿ ಇದನ್ನ ಸರ್ವರ್ ಮಾಡಪ್ಪ ಅಂದ್ರು. ಉಬುಂಟು ಹಾಕ್ದೆ, ಸಾಂಬಾ ಹಾಕ್ದೆ, ಎಲ್ರ ಹೆಸ್ರಲ್ಲೂ ಯೂಸರ್ ಮಾಡಿ ಪಾಸ್‌ವರ್ಡ್ ಕೊಟ್ಟೆ. ವಿಂಡೋಸ್ ಒಳಗೇ ಬಿಡ್ಲಿಲ್ಲ, ನಿಮಗೆ ಬರ್ತಿರೋದೇ ಕಥೆ. ರಾತ್ರಿ ಒಂಬತ್ತರವರೆಗೆ ಒದ್ದಾಡಿ, ನೆಟ್ಟಲ್ಲಿ ಯಾರೋ ಬರೆದಿದ್ದು ನೋಡಿ ಸಿಎಚ್‌ಮಾಡ್ (ಪರ್ಮಿಷನ್ ಬದಲಾಯಿಸೋ ಕಮಾಂಡ್) 777 ಹೊಡ್ದು, ಸಾಂಬಾ ಕಾನ್ಫಿಗ್ ಫೈಲಲ್ಲಿ 'ಗೆಸ್ಟ್ ಓಕೆ = ಯೆಸ್' ಸೇರಿಸ್ದೆ. ತಟ್ಟಂತ ಓಪನ್ ಆಯ್ತು!

ಇಲ್ಲೇ ನಾನು ಎಡವಿದ್ದು, ಸ್ವಲ್ಪ ಕೊರೀತೀನಿ, ತಡ್ಕೊಳ್ಳಿ. ಅದು ಪರ್ಮಿಷನ್ ಸಮಸ್ಯೆ ಆಗಿರ್ಲೇ ಇಲ್ಲ. ಲಿನಕ್ಸ್ ಪಾಸ್‌ವರ್ಡೇ ಬೇರೆ, ಸಾಂಬಾ ಪಾಸ್‌ವರ್ಡೇ ಬೇರೆ. ವಿಂಡೋಸ್ ನಿಮ್ಮ ಪಾಸ್‌ವರ್ಡನ್ನ ಹಾಗೇ ಕಳ್ಸಲ್ಲ, ಅದರ ಹ್ಯಾಶ್‌ನಿಂದ (ಪಾಸ್‌ವರ್ಡನ್ನ ಗುರುತು ಸಿಗದ ಹಾಗೆ ಬದಲಾಯಿಸಿ ಇಟ್ಟಿರೋ ರೂಪ) ಲೆಕ್ಕ ಹಾಕಿದ ಉತ್ತರ ಕಳ್ಸತ್ತೆ, ಲಿನಕ್ಸ್ ಇಟ್ಕೊಂಡಿರೋ ಹ್ಯಾಶ್ ಬೇರೆ ಥರದ್ದಾದ್ರಿಂದ ಎರಡೂ ತಾಳೆ ಆಗಲ್ಲ, ಅದಕ್ಕೇ ಸಾಂಬಾ ತನ್ನದೇ ಒಂದು ಪಟ್ಟಿ ಇಟ್ಕೊಂಡಿರತ್ತೆ. ಆ ಪಟ್ಟೀಲಿ ನಾನು ಒಬ್ಬರನ್ನೂ ಸೇರಿಸಿರ್ಲಿಲ್ಲ. ಇದರ ಮೇಲೆ ಉಬುಂಟು ಕೊಡೋ ಕಾನ್ಫಿಗ್ ಫೈಲಲ್ಲಿ 'ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್' ಅಂತ ಒಂದು ಸಾಲು ಮೊದಲೇ ಕೂತಿರತ್ತೆ. ಗೊತ್ತಿಲ್ದೇ ಇರೋ ಹೆಸ್ರು ಬಂದ್ರೆ ಸಾಂಬಾ ಇಲ್ಲ ಅನ್ನಲ್ಲ, ಸದ್ದಿಲ್ದೆ ಗೆಸ್ಟ್ ಮಾಡ್ಕೊಳ್ಳತ್ತೆ. ವಿಂಡೋಸೋ ನೀವು ಲಾಗಿನ್ ಆಗಿರೋ ಹೆಸರನ್ನ ಕೇಳ್ದೇನೇ ಮುಂದೆ ಚಾಚ್ತಿರತ್ತೆ. ಅಂತೂ ನಮ್ಮ ಪ್ರೆಸ್ಸಿನ ಐದೂ ಜನ ಸರ್ವರಿನ ಕಣ್ಣಲ್ಲಿ ಒಬ್ರೇ, 'ನೋಬಡಿ', ಗೆಸ್ಟಿಗೆ ಅದು ಕೊಡೋ ಹೆಸ್ರು.

ಏಪ್ರಿಲ್, ಲಗ್ನಪತ್ರಿಕೆ ಸೀಸನ್. ಬೆಳಿಗ್ಗೆ ಬಂದು ನೋಡಿದ್ರೆ ಆ ತಿಂಗಳ ಫೋಲ್ಡರೇ ಮಾಯ. ಯಾರೋ ಝಡ್ ಡ್ರೈವನ್ನ (ಸರ್ವರ್ ಫೋಲ್ಡರ್ ಪಿಸೀಲಿ ಕಾಣ್ತಿದ್ದಿದ್ದು ಹಾಗೆ) ತಮ್ಮ ಪಿಸೀದೇ ಅನ್ಕೊಂಡು ಕ್ಲೀನ್ ಮಾಡಿದ್ರು. ನೆಟ್‌ವರ್ಕ್ ಡ್ರೈವಲ್ಲಿ ಅಳ್ಸಿದ್ದು ರೀಸೈಕಲ್ ಬಿನ್‌ಗೆ ಹೋಗಲ್ಲ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಇನ್ನೊಂದು, ಲಿನಕ್ಸಲ್ಲಿ ಫೈಲ್ ಅಳಿಸೋಕೆ ಫೈಲಿನ ಪರ್ಮಿಷನ್ ಬೇಕಿಲ್ಲ, ಅದಿರೋ ಫೋಲ್ಡರಿಗೆ ಬರೆಯೋ ಹಕ್ಕಿದ್ರೆ ಸಾಕು, 777 ಅಂದ್ರೆ ಆ ಹಕ್ಕು ಊರಿಗೆಲ್ಲಾ. ಯಾರು ಅಂತ ಲಾಗ್ ನೋಡಿದ್ರೆ ಎಲ್ಲಾ ಕಡೆ ನೋಬಡಿ. ಬೈಸ್ಕೊಂಡಿದ್ದು ಹೊಸದಾಗಿ ಸೇರಿದ್ದ ಹುಡುಗ, ಪಾಪ, ಅವನೇ ಮಾಡಿದ್ನೋ ಇಲ್ವೋ ಇವತ್ತಿಗೂ ಗೊತ್ತಿಲ್ಲ.

ಅಳಿಸಿದ ಫೈಲ್ ಹುಡುಕಿ ಕೊಡೋ ಫೋಟೋರೆಕ್ ಹಾಕಿ ಒಂದಷ್ಟು ಫೈಲ್ ಎತ್ತಿದ್ವಿ, ಆದ್ರೆ ಅದು ಹೆಸ್ರು ಉಳ್ಸಲ್ಲ, ಎಫ್ ಅನ್ನೋ ಅಕ್ಷರ, ಮುಂದೆ ಉದ್ದಕ್ಕೆ ನಂಬರ್, ಯಾವುದು ಯಾರ ಮದ್ವೆ ಅಂತ ಒಂದೊಂದೇ ತೆಗೆದು ನೋಡ್ಬೇಕು. ಸಿಗದೇ ಇದ್ದಿದ್ದನ್ನ ಪ್ರೂಫ್ ನೋಡ್ಕೊಂಡು ಮತ್ತೆ ಟೈಪ್ ಮಾಡಿದ್ವಿ. ಆ ಗಡಿಬಿಡೀಲಿ ಒಂದು ಕಾರ್ಡಲ್ಲಿ 'ಸುಖಾಗಮನ ಬಯಸುವವರು' ಪಟ್ಟಿಯಿಂದ ಹುಡುಗನ ಸೋದರತ್ತೆ ಹೆಸರು ಬಿಟ್ಟೋಯ್ತು. 500 ಕಾರ್ಡ್ ರೀಪ್ರಿಂಟ್, ದುಡ್ಡು ನನ್ ಸಂಬಳದಿಂದ.

ಅದಕ್ಕೇ 777ಆ ಗೆಸ್ಟಾ ಅನ್ನೋ ಪ್ರಶ್ನೇನೇ ಬಿಡಿ. ಮೊದ್ಲು ಪ್ರತಿಯೊಬ್ಬರಿಗೂ smbpasswd ಕಮಾಂಡಲ್ಲಿ -a ಕೊಟ್ಟು ಸಾಂಬಾ ಪಾಸ್‌ವರ್ಡ್ ಮಾಡಿ, ಮ್ಯಾಪ್ ಟು ಗೆಸ್ಟ್ ಸಾಲನ್ನ 'ನೆವರ್' ಮಾಡಿ. ಎಲ್ರನ್ನೂ ಒಂದು ಗ್ರೂಪಿಗೆ ಹಾಕಿ, ಫೋಲ್ಡರನ್ನ ಆ ಗ್ರೂಪಿಗೆ ಬರೆದು 2770 ಕೊಡಿ, ಆ ಮೊದಲ 2 ಇದ್ರೆ ಒಳಗೆ ಹುಟ್ಟೋ ಫೈಲೆಲ್ಲಾ ಅದೇ ಗ್ರೂಪಿಗೆ ಸೇರತ್ತೆ. ಆಮೇಲೂ ವಿಂಡೋಸ್ ಹಟ ಮಾಡತ್ತೆ, ಒಂದೇ ಸರ್ವರಿಗೆ ಎರಡು ಹೆಸ್ರಲ್ಲಿ ಬರೋ ಹಾಗಿಲ್ಲ ಅಂತ 1219 ಎರರ್ ಕೊಟ್ರೆ ನಿಮ್ಮ ಸೆಟ್ಟಿಂಗ್ ತಪ್ಪು ಅನ್ಕೋಬೇಡಿ, ಅದು ಹಳೇ ಕನೆಕ್ಷನ್ ಹಿಡ್ಕೊಂಡು ಕೂತಿದೆ ಅಷ್ಟೇ. ವಿಂಡೋಸಿನ ಕ್ರೆಡೆನ್ಶಿಯಲ್ ಮ್ಯಾನೇಜರಲ್ಲಿ (ಉಳಿಸಿಟ್ಟ ಪಾಸ್‌ವರ್ಡ್ ಇರೋ ಜಾಗ) ಹಳೇದನ್ನ ಅಳಿಸಿ, ಲಾಗ್ ಆಫ್ ಆಗಿ ಬನ್ನಿ, ಯೂಸರ್ ಹೆಸರಿಗಿಂತ ಮೊದ್ಲು ಸರ್ವರ್ ಹೆಸ್ರು, ಬ್ಯಾಕ್‌ಸ್ಲ್ಯಾಶ್ (\) ಹಾಕಿ ಕೊಡಿ.

ಎಕ್ಸ್‌ಪಿ ಮೆಷಿನ್ ಒಂದಿದೆ, ಎಸ್‌ಎಂಬಿ1 ಆನ್ ಮಾಡ್ಲಾ ಅಂತಾನೂ ಕೇಳಿದೀರ. ಬೇಡ್ವೇ ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ನುಗ್ಗಿದ್ದು ಅದೇ ತೂತಿಂದ. ಅದೊಂದಕ್ಕೆ ಪೆನ್‌ಡ್ರೈವೇ ಇರ್ಲಿ.

ಮತ್ತೆ ಸಾಂಬಾದಲ್ಲೇ ವಿಎಫ್‌ಎಸ್ ರೀಸೈಕಲ್ ಅಂತ ಮಾಡ್ಯೂಲ್ ಇದೆ, ಅಳ್ಸಿದ್ದನ್ನ ಬೇರೆ ಫೋಲ್ಡರಿಗೆ ತಳ್ಳತ್ತೆ. ಬೇರೆ ಏನು ಮಾಡ್ತೀರೋ ಬಿಡ್ತೀರೋ, ಅದನ್ನ ಇವತ್ತೇ ಹಾಕಿ.