ಲಗ್ನಪತ್ರಿಕೆ ಕೆಲಸಕ್ಕೆ ಎಷ್ಟು ದೊಡ್ಡ ಮಾನಿಟರ್ ಬೇಕು?

ಪ್ರಶ್ನೆ: ಅಕ್ಕಾರೆ, ನಮಸ್ಕಾರ. ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು ಜಾಸ್ತಿ. ಈಗಿರುವುದು 18.5 ಇಂಚಿನ ಹಳೇ ಮಾನಿಟರ್. ಸಂಜೆಯಾದರೆ ಕಣ್ಣು ನೋಯುತ್ತವೆ. 34 ಇಂಚಿನ, ಬಾಗಿದ ಅಗಲ ಮಾನಿಟರ್ ತಗೋ ಅಂತ ಮಗ ಹೇಳುತ್ತಾನೆ. ಮನೆಯಲ್ಲಿ 32 ಇಂಚಿನ ಟಿವಿ ಇದೆಯಲ್ಲ, ಅದನ್ನೇ ಹಚ್ಚು ಅನ್ನುತ್ತಾರೆ ನಮ್ಮ ಮನೆಯವರು. ಅಂಗಡಿಯಲ್ಲಿ ಕೇಳಿದರೆ 27 ಇಂಚಿನ ಫುಲ್ ಎಚ್‌ಡಿ ಸಾಕು ಅಂದರು. ಕಂಪ್ಯೂಟರ್ 8ನೇ ತಲೆಮಾರಿನ ಐ3, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಾನಿಟರ್ ವೈರು ಹಚ್ಚಲು ಹಿಂದೆ ವಿಜಿಎ ಮತ್ತು ಎಚ್‌ಡಿಎಂಐ ಕಿಂಡಿ ಮಾತ್ರ ಇವೆ. ಟೇಬಲ್ 4 ಅಡಿ ಉದ್ದ, ಗೋಡೆಯಿಂದ ಈಚೆಗೆ ಒಂದೂವರೆ ಅಡಿ. 25 ಸಾವಿರದವರೆಗೆ ಕೂಡಿಸಿಟ್ಟಿದ್ದೇನೆ. ಯಾವುದು ತಗೊಳ್ಳಲಿ?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ತಂಗಿ, ಮೊದಲು ನನ್ನದೊಂದು ತಪ್ಪು ಹೇಳುತ್ತೇನೆ. ವಿಜಯಪುರದಲ್ಲಿ ನಾನು ಡಿಟಿಪಿ ಶುರು ಮಾಡಿದಾಗ ನನ್ನ ಹತ್ತಿರವೂ ನಿಮ್ಮಂಥದೇ 18.5 ಇಂಚಿನ ಮಾನಿಟರ್ ಇತ್ತು. ಒಂದು ಲಗ್ನಪತ್ರಿಕೆ ಬಂತು. ಮದುಮಗಳ ಹೆಸರು 'ಧನ' ಅಂತ ಶುರುವಾಗುತ್ತಿತ್ತು. ನಾನು ಒತ್ತಿದ್ದು 'ದನ'. ಪರದೆಯ ಮೇಲೆ ಮೂರು ಸಲ ಓದಿದೆ, ಕಾಣಲಿಲ್ಲ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಗೀರು ಮಾತ್ರ, ಅಲ್ವಾ? 500 ಕಾರ್ಡು ಅಚ್ಚಾಗಿ ಬಂದವು. ಹುಡುಗಿಯ ತಂದೆ ಬೈಯಲಿಲ್ಲ. ಕಾರ್ಡು ಕೈಯಲ್ಲಿ ಹಿಡಿದು ಸುಮ್ನೆ ಕೂತುಬಿಟ್ಟರು. ನನ್ನ ದುಡ್ಡಿನಲ್ಲೇ ಮತ್ತೆ ಅಚ್ಚು ಹಾಕಿಸಿ ಕೊಟ್ಟೆ. ಆವತ್ತಿನಿಂದ ಯಾವ ಮಾನಿಟರ್ ಮುಂದೆ ನಿಂತರೂ, ಆ ಗೀರು ಕಾಣುತ್ತದೋ ಇಲ್ಲವೋ ಅಂತಲೇ ಮೊದಲು ನೋಡುತ್ತೇನೆ.

ನಮ್ಮ ಅಕ್ಷರಕ್ಕೆ ಇದು ಬಹಳ ಮುಖ್ಯ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ಕೂರುತ್ತವೆ. ಕನ್ನಡದಲ್ಲಿ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. 'ರಾಷ್ಟ್ರ' ಅನ್ನುವಲ್ಲಿ ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಪ ಮತ್ತು ಷ, ಡ ಮತ್ತು ಢ, ಇವುಗಳ ನಡುವೆಯೂ ಒಂದು ಗೀರಿನ ಅಂತರವಷ್ಟೆ. 10 ಪಾಯಿಂಟ್ ಅಕ್ಷರದಲ್ಲಿ ಇದೆಲ್ಲ ಮೂಡಬೇಕಾದರೆ ಪರದೆಯ ಚುಕ್ಕೆಗಳು (ಪಿಕ್ಸೆಲ್) ಒತ್ತೊತ್ತಾಗಿರಬೇಕು. ಜೂಮ್ ಮಾಡಿಯೂ ನೋಡಬಹುದು, ನಿಜ. ಆದರೆ ಆಗ ಇಡೀ ಕಾರ್ಡು ಕಾಣುವುದಿಲ್ಲ.

ಹಾಗಾಗಿ ಇಂಚಿನ ಜೊತೆಗೆ ಚುಕ್ಕೆಯ ಲೆಕ್ಕವನ್ನೂ ಕೇಳಿ. ನಿಮ್ಮ ಹಳೇದು 1366×768, ಅಂದರೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕೆ ಇದ್ದರೆ, ಒಂದು ಇಂಚಿಗೆ ಸುಮಾರು 85 ಚುಕ್ಕೆ. ಅಂಗಡಿಯವರು ಹೇಳಿದ 27 ಇಂಚಿನ ಫುಲ್ ಎಚ್‌ಡಿ 1920×1080. ಅದರಲ್ಲಿ ಇಂಚಿಗೆ 82. ನೋಡಿದಿರಾ? ದುಡ್ಡು ಕೊಟ್ಟು ಈಗಿನದಕ್ಕಿಂತ ಒರಟು ಪರದೆ ತಂದಂತೆ. 32 ಇಂಚಿನ ಟಿವಿ 'ಎಚ್‌ಡಿ ರೆಡಿ' ಆಗಿದ್ದು 1366×768 ಇದ್ದರೆ ಇಂಚಿಗೆ 49 ಅಷ್ಟೇ. ದೂರ ಕೂತು ಧಾರಾವಾಹಿ ನೋಡಲು ಚೆನ್ನಾಗಿರುತ್ತದೆ. ಎರಡಡಿಯಲ್ಲಿ ಕೂತು ಒತ್ತು ತಿದ್ದಲು ಆಗುವುದಿಲ್ಲ. ಮನೆಯವರಿಗೆ ಈ ಲೆಕ್ಕ ತೋರಿಸಿ, ಒಪ್ಪುತ್ತಾರೆ.

ಮಗ ಹೇಳಿದ್ದರಲ್ಲಿ ಹುರುಳಿದೆ. ಆದರೆ 34 ಇಂಚಿನಲ್ಲಿ ಎರಡು ಥರ ಸಿಗುತ್ತವೆ. ಸೋವಿ ಸಿಗುವುದು 2560×1080, ಇಂಚಿಗೆ ಮತ್ತೆ ಅದೇ 82. ಇನ್ನೊಂದು 3440×1440, ಇಂಚಿಗೆ 110. ನನ್ನ ಮನೆಯಲ್ಲಿ ಈಗಿರುವುದು ಈ ಎರಡನೆಯದು. ಎಡಕ್ಕೆ ಕಾರ್ಡು ವಿನ್ಯಾಸ ಮಾಡುವ ಕೋರಲ್‌ಡ್ರಾ ತೆಗೆದಿಡುತ್ತೇನೆ. ಬಲಕ್ಕೆ ಗಿರಾಕಿ ವಾಟ್ಸ್‌ಆಪ್‌ನಲ್ಲಿ ಕಳಿಸಿದ ಕೈಬರಹದ ಚೀಟಿಯ ಫೋಟೊ. 'ಸುಖಾಗಮನ ಬಯಸುವವರು' ಅಂತ ಕೆಳಗೆ ಇಪ್ಪತ್ತು ಮೂವತ್ತು ಹೆಸರು ಇರುತ್ತವಲ್ಲ, ಒಂದೊಂದನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇನೆ. ಹಿಂದೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆಗೆಯುವಾಗಲೇ ಕಾಕಾನ ಹೆಸರು ಬಿಟ್ಟುಹೋಗುತ್ತಿತ್ತು.

ಇಷ್ಟು ಚೆನ್ನಾಗಿದ್ದರೂ ನಿಮಗೆ ಈಗಲೇ ಅದನ್ನು ತಗೊಳ್ಳಿ ಅನ್ನಲಾರೆ. ಕಾರಣ ನಿಮ್ಮ ಟೇಬಲ್. 34 ಇಂಚಿನ ಪರದೆಯ ಅಗಲ ಸುಮಾರು 80 ಸೆಂಟಿಮೀಟರ್. ಅಷ್ಟು ಅಗಲವನ್ನು ಆರಾಮಾಗಿ ನೋಡಲು ಕಣ್ಣಿನಿಂದ ಎರಡು, ಎರಡೂವರೆ ಅಡಿ ದೂರ ಬೇಕು. ಸ್ಟ್ಯಾಂಡಿಗೇ ಒಂದು ಗೇಣು ಹೋಗುತ್ತದೆ. ಉಳಿದಷ್ಟರಲ್ಲಿ ಕೀಬೋರ್ಡ್ ಇಟ್ಟರೆ ಪರದೆ ಮುಖಕ್ಕೇ ಬರುತ್ತದೆ. ಎರಡೂ ತುದಿ ನೋಡಲು ಕುತ್ತಿಗೆ ತಿರುಗಿಸುತ್ತಲೇ ಇರಬೇಕು. ನಾನು ಮೊದಲ ತಿಂಗಳು ಹಾಗೇ ಕೂತು ಹೆಗಲು ಹಿಡಿದುಕೊಂಡಿತ್ತು. ಆಮೇಲೆ ನಮ್ಮ ಮನೆಯವರು ಬಡಿಗೇರರನ್ನು ಕರೆಸಿ ಎರಡೂಕಾಲು ಅಡಿಯ ಹಲಗೆ ಹಾಕಿಸಿದರು.

ಕಂಪ್ಯೂಟರ್ ಕಡೆಯಿಂದಲೂ ತೊಡಕಿದೆ. ವಿಜಿಎ ವೈರಿನ ಮಾತು ಬಿಡಿ. ನಿಮ್ಮ ಕಂಪ್ಯೂಟರ್ ಕಾಲದ ಬೋರ್ಡುಗಳಲ್ಲಿ ಎಚ್‌ಡಿಎಂಐ ಹೆಚ್ಚಾಗಿ ಹಳೇ 1.4 ಆವೃತ್ತಿಯದು ಇರುತ್ತದೆ. 3440×1440ಕ್ಕೆ ಅದು ಸಾಲದು. ಸೆಕೆಂಡಿಗೆ 60 ಸಲ ಬದಲಾಗಬೇಕಾದ ಚಿತ್ರ 50ಕ್ಕೋ 30ಕ್ಕೋ ಇಳಿಯುತ್ತದೆ. 30ಕ್ಕೆ ಇಳಿದರೆ ಮೌಸ್ ಎಳೆದಂತೆ ಓಡುತ್ತದೆ. ಡಿಸ್‌ಪ್ಲೇ ಪೋರ್ಟ್ ಅನ್ನುವ ಬೇರೆ ಥರದ ಕಿಂಡಿ ಇರುವ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು, ಅದಕ್ಕೆ ಮತ್ತೆ ಖರ್ಚು.

ನನ್ನ ಮಾತು ಕೇಳುವುದಾದರೆ 27 ಇಂಚಿನ, 2560×1440ರ, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಥರದ) ಪರದೆ ತಗೊಳ್ಳಿ. ಇಂಚಿಗೆ 109 ಚುಕ್ಕೆ. ಎತ್ತರದಲ್ಲಿ 34 ಇಂಚಿನದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ, ಎರಡೂ ಸುಮಾರು 33.5 ಸೆಂಟಿಮೀಟರ್. ಕಡಿಮೆ ಆಗುವುದು ಅಗಲದಲ್ಲಿ 20 ಸೆಂಟಿಮೀಟರ್. ನಿಮ್ಮ ಎಚ್‌ಡಿಎಂಐ ಇದನ್ನು 60ರಲ್ಲೇ ನಡೆಸುತ್ತದೆ. ಹಳೇ ಮಾನಿಟರ್ ಮಾರಬೇಡಿ. ವಿಜಿಎಗೆ ಹಚ್ಚಿ ಬಲಗಡೆ ಇಡಿ, ಗಿರಾಕಿಯ ಚೀಟಿ ಅದರಲ್ಲಿ ತೆಗೆದಿಡಿ. 4 ಅಡಿಯಲ್ಲಿ ಎರಡೂ ಕೂರುತ್ತವೆ. ಅಗಲ ಮಾನಿಟರಿನ ಅರ್ಧ ಸುಖ ಅಲ್ಲೇ ಸಿಗುತ್ತದೆ. ಮೆನುವಿನ ಅಕ್ಷರ ಸಣ್ಣದೆನಿಸಿದರೆ ವಿಂಡೋಸ್‌ನಲ್ಲಿ ಸ್ಕೇಲ್ ಶೇ 125 ಮಾಡಿಕೊಳ್ಳಿ.

ಬಾಗಿದ್ದು ಬೇಡ. ಆಟಕ್ಕೆ ಚೆಂದ. ಕಾರ್ಡಿನ ಬಾರ್ಡರ್ ಎಳೆಯುವಾಗ ನೇರ ಗೆರೆ ಸೊಟ್ಟಗೆ ಕಂಡು ಅನುಮಾನ ಬರುತ್ತದೆ. ಮುಂದೆ ಟೇಬಲ್ ಬದಲಾಯಿಸಿ 34 ತಗೊಳ್ಳುವುದಾದರೆ ಒಂದು ಅನುಕೂಲವಿದೆ. 32 ಇಂಚು ಮೀರಿದ ಮಾನಿಟರ್‌ಗೆ ಇದ್ದ ಶೇ 28 ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ.

ಕಣ್ಣಿನ ನೋವಿಗೆ ಪೂರಾ ಮಾನಿಟರನ್ನೇ ನಂಬಬೇಡಿ. ಒಮ್ಮೆ ಡಾಕ್ಟರ ಹತ್ತಿರ ಚಾಳೀಸಿನ ನಂಬರ್ ನೋಡಿಸಿಕೊಳ್ಳಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಟೇಬಲ್ ತಿರುಗಿಸಿ, ನಮ್ಮ ಕಡೆಯ ಮಧ್ಯಾಹ್ನದ ಬಿಸಿಲು ಪರದೆ ಮೇಲೆ ಬಿದ್ದರೆ ಏನೂ ಕಾಣುವುದಿಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಲಗ್ನಪತ್ರಿಕೆಯ ಪಿಡಿಎಫ್ ಒಯ್ಯಿರಿ. ಅದೇ ಮಾನಿಟರಿನಲ್ಲಿ ತೆಗೆಸಿ, ನಿಮ್ಮ ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂತು, ಹೆಸರುಗಳ ಸಾಲು ಓದಿ ನೋಡಿ. ಪೂರಾ ಬಿಳಿ, ಪೂರಾ ಕಪ್ಪು ಚಿತ್ರ ಹಾಕಿಸಿ ಸತ್ತ ಚುಕ್ಕೆ ಇವೆಯೇ ಅಂತಲೂ ನೋಡಿ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಬಸ್ಸಿನಲ್ಲಿ ತರುವುದಾದರೆ ಡಬ್ಬಿ ನಿಲ್ಲಿಸಿಯೇ ಇಟ್ಟುಕೊಳ್ಳಿ, ಮೇಲೆ ಯಾರ ಚೀಲವನ್ನೂ ಇಡಲು ಬಿಡಬೇಡಿ. ಗ್ಯಾರಂಟಿ ಮುಗಿಯುವವರೆಗೆ ಆ ಡಬ್ಬಿ ಅಟ್ಟದ ಮೇಲೆ ಇರಲಿ.