ಸೂಜಿ ಚುಚ್ಚಿ 40 ಗಂಟೆ: ಕ್ಯಾಶುಯಲ್ಟಿ ಎಲೆಕ್ಟಿವ್‌ನ ಒಂದು ಪ್ರಕರಣ

(ಗುರುತು ಸಿಗದಂತೆ ಊರು, ಕಾಲೇಜು, ವಯಸ್ಸುಗಳನ್ನು ಬಿಟ್ಟಿದ್ದೇವೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದಿದ್ದೇವೆ.)

ಎಂಬಿಬಿಎಸ್ ಮೂರನೇ ಹಂತದ ಮೊದಲ ಭಾಗದ ಪರೀಕ್ಷೆ ಮುಗಿಸಿದ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎಲೆಕ್ಟಿವ್‌ನ (ವಿದ್ಯಾರ್ಥಿಯೇ ವಿಭಾಗ ಆರಿಸಿಕೊಳ್ಳುವ ಕಿರು ತರಬೇತಿಯ) ಕ್ಲಿನಿಕಲ್ ಬ್ಲಾಕ್‌ಗೆ ತುರ್ತು ಚಿಕಿತ್ಸಾ ವಿಭಾಗವನ್ನು, ಅಂದರೆ ಕ್ಯಾಶುಯಲ್ಟಿಯನ್ನು, ತಾನೇ ಆರಿಸಿಕೊಂಡಿದ್ದಳು. ಎಂಟನೇ ದಿನ ಸಂಜೆ ಐದೂವರೆಗೆ ನಮ್ಮ ಬಳಿ ಸಮಾಲೋಚನೆಗೆ ಬಂದು, "ನನಗೆ ಕ್ಯಾಶುಯಲ್ಟಿ ಆಗಿಬರಲ್ಲ, ಚರ್ಮರೋಗ ವಿಭಾಗಕ್ಕೆ ಹಾಕಿಸಿಕೊಡಿ" ಎಂದಳು. ಎರಡು ದಿನದಿಂದ ಪೋಸ್ಟಿಂಗ್‌ಗೆ ಹೋಗಿರಲಿಲ್ಲ.

ಇಂಥ ಬೇಡಿಕೆ ಬಂದಾಗ "ಯಾಕೆ?" ಎಂದು ಕೇಳಿದರೆ ಸಿದ್ಧ ಉತ್ತರ ಸಿಗುತ್ತದೆ: ಗಲಾಟೆ, ನಿದ್ದೆ ಇಲ್ಲ, ಪಿಜಿಗಳು (ಸ್ನಾತಕೋತ್ತರ ವೈದ್ಯರು) ಬೈತಾರೆ. ಆದ್ದರಿಂದ ಕೊನೆಯ ಶಿಫ್ಟ್ ಎಷ್ಟು ಗಂಟೆಗೆ ಶುರುವಾಯಿತು, ಆಮೇಲೆ ಏನೇನಾಯಿತು ಎಂದು ಗಂಟೆಗಂಟೆಯ ಲೆಕ್ಕದಲ್ಲಿ ಹೇಳಿಸುತ್ತೇವೆ. ಆಕೆ ರಾತ್ರಿ ಎಂಟರಿಂದ ಒಂದರವರೆಗಿನದನ್ನು ಒಪ್ಪವಾಗಿ ಹೇಳಿದಳು. ಒಂದೂವರೆಗೆ ಹಾವು ಕಡಿದ ರೈತರೊಬ್ಬರು ಬಂದರು ಎಂದು ಹೇಳಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಬಿಟ್ಟು, "ಒಂದು ವೇಳೆ ಯಾರಿಗಾದರೂ ಸೂಜಿ ಚುಚ್ಚಿದರೆ ಎಷ್ಟು ದಿನದೊಳಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

ಅಲ್ಲಿಗೆ ಸಮಾಲೋಚನೆ ನಿಂತಿತು. ಚುಚ್ಚಿ ಆಗಲೇ 40 ಗಂಟೆ ಕಳೆದಿತ್ತು. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಟ್ಟು ಪ್ರಯೋಜನವಿಲ್ಲ. ಮಾತು ಆಮೇಲೆ, ಮಾತ್ರೆ ಮೊದಲು. ಸಲಹೆಗಾರರೇ ಜೊತೆಯಲ್ಲಿ ನಡೆದು ಆಕೆಯನ್ನು ಕ್ಯಾಶುಯಲ್ಟಿ ವೈದ್ಯಾಧಿಕಾರಿಯ ಬಳಿ ಕರೆದೊಯ್ದರು. ದಾರಿಯಲ್ಲೇ ಒಂದು ವಿಷಯ ಸ್ಪಷ್ಟಪಡಿಸಲಾಯಿತು. ಇದು ತಿಳಿಯುವುದು ಮೂವರಿಗೆ ಮಾತ್ರ: ವೈದ್ಯಾಧಿಕಾರಿಗೆ, ಸೋಂಕು ನಿಯಂತ್ರಣದ ನರ್ಸ್‌ಗೆ, ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ಕೇಂದ್ರದ) ಸಲಹೆಗಾರರಿಗೆ. ವಾರ್ಡನ್‌ಗಾಗಲಿ ಮನೆಗಾಗಲಿ ಯಾರೂ ಫೋನ್ ಮಾಡುವುದಿಲ್ಲ. ಆಕೆಯ ಬಾಯಿ ಕಟ್ಟಿದ್ದು ಸೋಂಕಿನ ಭಯಕ್ಕಿಂತ ಹೆಚ್ಚಾಗಿ "ಊರಲ್ಲಿ ಗೊತ್ತಾದರೆ" ಎಂಬ ಭಯ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಗೋಪ್ಯತೆಯನ್ನು ಕಾನೂನಾಗಿಯೇ ಕಾಯುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಸೋಂಕಿಗೆ ಒಡ್ಡಿಕೊಂಡವರಿಗೆ ತಡೆ ಔಷಧಿ ಒದಗಿಸುವ ಹೊಣೆಯನ್ನೂ ಅದು ಸಂಸ್ಥೆಯ ಮೇಲೆ ಹೊರಿಸುತ್ತದೆ. ಈ ಎರಡು ಮಾತು ಕೇಳಿದ ಮೇಲೆ ಆಕೆಯ ನಡಿಗೆ ಚುರುಕಾಯಿತು.

ನಡೆದದ್ದು ಇಷ್ಟು. ಹಾವಿನ ವಿಷ ಏರಿದೆಯೇ ತಿಳಿಯಲು ಆ ರೈತರಿಂದ ಎರಡು ಎಂಎಲ್ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ, 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ನೋಡಬೇಕಿತ್ತು. ಚೂಪು ವಸ್ತುಗಳ ಬಿಳಿ ಡಬ್ಬಿ ಕೋಣೆಯ ಆಚೆ ತುದಿಯಲ್ಲಿತ್ತು. ಅಲ್ಲಿಯವರೆಗೆ ಸೂಜಿಯನ್ನು ತೆರೆದು ಹಿಡಿದು ಹೋಗುವುದು ಬೇಡವೆಂದು ಎರಡೂ ಕೈಯಲ್ಲಿ ಮುಚ್ಚಳ ಹಾಕಲು ಹೋದಳು. ಗ್ಲೌಸ್ ತೂರಿ ಎಡ ತೋರುಬೆರಳಿಗೆ ಚುಚ್ಚಿತು. ಬೆರಳನ್ನು ಹಿಂಡಿ ರಕ್ತ ತೆಗೆದು, ಸ್ಪಿರಿಟ್ ಸುರಿದು, ಹೊಸ ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ಮರಳಿದಳು.

ಈ ಹಿಂಡುವುದು, ಸ್ಪಿರಿಟ್ ಸುರಿಯುವುದು ಎಲ್ಲ ಕಾಲೇಜುಗಳಲ್ಲೂ ಬಾಯಿಂದ ಬಾಯಿಗೆ ಹರಿದು ಬಂದ ತಪ್ಪು. ಹಿಂಡಿದರೆ ಅಂಗಾಂಶಕ್ಕೆ ಗಾಯ, ಸ್ಪಿರಿಟ್ ಸುರಿದರೆ ಉರಿ. ಸೋಂಕು ತಡೆಯುವುದಕ್ಕೆ ಎರಡೂ ಉಪಯೋಗವಿಲ್ಲ. ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆಯಬೇಕು, ಬೆರಳನ್ನು ಬಾಯಿಗೆ ಇಡಬಾರದು, ಕೂಡಲೇ ಹೇಳಬೇಕು. ಚುಚ್ಚಿದ್ದು ರಕ್ತನಾಳದಿಂದ ಆಗಷ್ಟೇ ತೆಗೆದ ಟೊಳ್ಳು ಸೂಜಿ, ಹೊಲಿಗೆ ಸೂಜಿಗಿಂತ ಅಪಾಯ ಹೆಚ್ಚು. ಹಾಗಿದ್ದರೂ ಎಚ್‌ಐವಿ ಇರುವ ರೋಗಿಯ ಸೂಜಿಯಿಂದಲೂ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3, ಅಂದರೆ ಸಾವಿರಕ್ಕೆ ಮೂರು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್-ಬಿ ತಗಲುವ ಸಾಧ್ಯತೆ ಶೇ. 30ರವರೆಗೂ ಹೋಗಬಹುದು. ವಿದ್ಯಾರ್ಥಿಗಳು ಹೆದರುವುದೆಲ್ಲ ಮೊದಲನೆಯದಕ್ಕೆ, ಉದಾಸೀನ ಮಾಡುವುದು ಎರಡನೆಯದನ್ನು. ಈಕೆಯೂ ಮೊದಲ ವರ್ಷದಲ್ಲಿ ಎರಡು ಡೋಸ್ ಹಾಕಿಸಿಕೊಂಡು, ರಜೆಯಿದ್ದ ಕಾರಣ ಮೂರನೆಯದನ್ನು ಬಿಟ್ಟಿದ್ದಳು.

ಆ ಸಂಜೆಯೇ ಮೊದಲ ಮಾತ್ರೆ ಕೊಟ್ಟರು: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದರಂತೆ 28 ದಿನದ ಲೆಕ್ಕ. ರೋಗಿಯ ವರದಿ ಬರಲೆಂದು ಕಾಯಬಾರದು. ಮಾತ್ರೆ ಶುರು ಮಾಡಿ ಆಮೇಲೆ ಬೇಡವೆಂದು ನಿಲ್ಲಿಸಬಹುದು, ಕಳೆದ ಸಮಯವನ್ನು ಮರಳಿ ತರಲಾಗದು. ಆಕೆ ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಕಬ್ಬಿಣ, ಕ್ಯಾಲ್ಸಿಯಂ, ಆಂಟಾಸಿಡ್‌ಗಳು ಡೊಲುಟೆಗ್ರಾವಿರ್ ಹೀರಿಕೆಯನ್ನು ತಗ್ಗಿಸುತ್ತವೆ. ಅವುಗಳಿಗಿಂತ ಎರಡು ಗಂಟೆ ಮುಂಚೆ ಅಥವಾ ಆರು ಗಂಟೆ ನಂತರ ಮಾತ್ರೆ ನುಂಗಬೇಕೆಂದು ಬರೆದುಕೊಟ್ಟರು. ಆಕೆಯ ರಕ್ತವನ್ನೂ ಅಂದೇ ಪರೀಕ್ಷೆಗೆ ತೆಗೆದರು. ಅದು ಇವತ್ತಿನ ಸ್ಥಿತಿಯ ದಾಖಲೆಯೇ ಹೊರತು ಈ ಚುಚ್ಚಿನ ಫಲಿತಾಂಶವಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ನೆಗೆಟಿವ್ ನೋಡಿ ಮಾತ್ರೆ ಬಿಡುವವರಿದ್ದಾರೆ.

ರೋಗಿ ಇನ್ನೂ ವಾರ್ಡ್‌ನಲ್ಲಿದ್ದರು. ಐಸಿಟಿಸಿಯವರು ಅವರಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು ಎಚ್‌ಐವಿ, ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ ಪರೀಕ್ಷೆ ಮಾಡಿಸಿದರು. ಉಳಿದ ರಕ್ತ ಲ್ಯಾಬ್‌ನಲ್ಲಿದೆ, ಗುಟ್ಟಾಗಿ ಪರೀಕ್ಷೆ ಮಾಡಿಸಿಬಿಡೋಣ ಎಂದು ಗೆಳತಿಯೊಬ್ಬಳು ಸೂಚಿಸಿದ್ದಳಂತೆ. ಅದು ಕಾನೂನಿಗೂ ವಿರುದ್ಧ, ರೋಗಿಗೂ ಅನ್ಯಾಯ. ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ, ಇವರೂ ಒಪ್ಪಿದರು. ಮೂರೂ ನೆಗೆಟಿವ್ ಬಂದವು. ರೋಗಿಗೆ ಇತ್ತೀಚಿನ ಅಪಾಯದ ಸಂದರ್ಭಗಳೇನೂ ಇರಲಿಲ್ಲವಾದ್ದರಿಂದ ಮೂರನೇ ದಿನ ವೈದ್ಯರೇ ಆಕೆಯ ಮಾತ್ರೆ ನಿಲ್ಲಿಸಿದರು.

ಎರಡನೇ ಭೇಟಿಯಲ್ಲಿ ಮೊದಲು ನಿದ್ದೆ, ಊಟ ವಿಚಾರಿಸಿ, ಸಾಯುವ ಯೋಚನೆ ಬಂದಿತ್ತೇ ಎಂದು ನೇರವಾಗಿಯೇ ಕೇಳಲಾಯಿತು. ಇಲ್ಲ ಎಂದಳು. ರಾತ್ರಿ ಹೊತ್ತು ತಳಮಳವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದೆಂದು ತಿಳಿಸಿದೆವು. ಆಮೇಲೆ ಆಕೆ ಸೂಜಿಗಿಂತ ಭಾರವಾದ ಇನ್ನೊಂದು ಸಂಗತಿ ಹೇಳಿದಳು. ರಕ್ತ ತೆಗೆಯುವಾಗ ಆ ರೈತರ ಕಣ್ಣ ರೆಪ್ಪೆ ಇಳಿಯುತ್ತಿದ್ದದ್ದು ಆಕೆಯ ಕಣ್ಣಿಗೆ ಬಿದ್ದಿತ್ತು. ನಳಿಕೆಯಲ್ಲಿ ರಕ್ತ 20 ನಿಮಿಷಕ್ಕೆ ಸರಿಯಾಗಿ ಹೆಪ್ಪುಗಟ್ಟಿತ್ತು. ಹಾಗಾದರೆ ವಿಷ ಏರಿಲ್ಲ, ನಿದ್ದೆಗಣ್ಣಿರಬೇಕು, ನಾನೇನು ಹೇಳುವುದು ಎಂದು ಸುಮ್ಮನಾದಳು. ಅರ್ಧ ಗಂಟೆಯ ನಂತರ ಮರುತಪಾಸಣೆಯಲ್ಲಿ ಪಿಜಿಯೇ ಅದನ್ನು ಗಮನಿಸಿ ಹಾವಿನ ವಿಷದ ಪ್ರತಿವಿಷ 10 ವಯಲ್ ಶುರು ಮಾಡಿದರು. ರೋಗಿ ಚೇತರಿಸಿಕೊಂಡರು. ಆದರೆ ಆ ಅರ್ಧ ಗಂಟೆ ಈಕೆಯನ್ನು ಬಿಟ್ಟಿರಲಿಲ್ಲ.

ಪ್ರಕರಣದ ಬೇರು ಇಲ್ಲಿದೆ. ಸೂಜಿಯ ವಿಷಯದಲ್ಲೂ ರೆಪ್ಪೆಯ ವಿಷಯದಲ್ಲೂ ಆಕೆ ಮಾಡಿದ್ದು ಒಂದೇ: ಕಂಡದ್ದನ್ನು ಹೇಳಲಿಲ್ಲ. ಜ್ಞಾನದ ಕೊರತೆ ಸಣ್ಣದು, ಅದನ್ನು ಐದು ನಿಮಿಷದಲ್ಲಿ ತುಂಬಬಹುದು. ಹೆಪ್ಪುಗಟ್ಟುವ ಪರೀಕ್ಷೆ ಕೊಳಕುಮಂಡಲದಂಥ ಹಾವುಗಳು ರಕ್ತದ ಮೇಲೆ ಮಾಡುವ ಹಾನಿಯನ್ನಷ್ಟೇ ಹಿಡಿಯುತ್ತದೆ. ನಾಗರ, ಕಟ್ಟುಹಾವುಗಳ ವಿಷ ನರಕ್ಕೆ ಹೋಗುತ್ತದೆ, ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ, ರೆಪ್ಪೆಯೇ ಮೊದಲು ಸೋಲುತ್ತದೆ. ದೊಡ್ಡ ಕೊರತೆಯೆಂದರೆ, ಎಲೆಕ್ಟಿವ್ ವಿದ್ಯಾರ್ಥಿಯ ಕೆಲಸ ಏನೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಇಂಟರ್ನ್‌ಗೆ ಕೆಲಸವಿದೆ, ಪಿಜಿಗೆ ಹೊಣೆಯಿದೆ. ಎಲೆಕ್ಟಿವ್‌ಗೆ ಬಂದವರ ಹೆಸರೂ ನರ್ಸ್‌ಗಳಿಗೆ ಗೊತ್ತಿರುವುದಿಲ್ಲ. ಅಲ್ಲಿ ಉಪಯೋಗಕ್ಕೆ ಬಂದೆನೆಂದು ತೋರಿಸಿಕೊಳ್ಳಲು ಕೈ ಮುಂದೆ ಮಾಡುತ್ತಾರೆ, ಬಾಯಿ ಹಿಂದೆ ಇಡುತ್ತಾರೆ. ಬೇಕಾದದ್ದು ಇದಕ್ಕೆ ತಿರುಗುಮುರುಗು.

ಹೇಳುವುದನ್ನೇ ಕೋಣೆಯಲ್ಲಿ ಕೂತು ಅಭ್ಯಾಸ ಮಾಡಿಸಲಾಯಿತು. ಮೂರು ತುಣುಕು, ಹತ್ತು ಸೆಕೆಂಡ್. ಯಾವ ಬೆಡ್, ಏನು ಕಂಡೆ, ನಿಮ್ಮಿಂದ ಏನು ಬೇಕು. "ಮೂರನೇ ಬೆಡ್, ಹಾವು ಕಡಿದವರು. ಮೇಲೆ ನೋಡಿ ಅಂದರೂ ರೆಪ್ಪೆ ಎತ್ತಲಾಗ್ತಿಲ್ಲ. ಈಗಲೇ ಬಂದು ನೋಡಿ ಸರ್." ಮೊದಲಿಗೆ ಇಂಗ್ಲಿಷ್‌ನಲ್ಲಿ ಹೇಳಲು ಹೋಗಿ ಪ್ರತಿ ಸಲವೂ "ಸಾರಿ ಸರ್" ಎಂದೇ ಶುರು ಮಾಡುತ್ತಿದ್ದಳು. ಕನ್ನಡದಲ್ಲಿ ಹೇಳಿಸಿದಾಗ ಎರಡನೇ ಸಲಕ್ಕೇ ನೆಟ್ಟಗೆ ಬಂತು. ತುರ್ತು ಮಾತಿಗೆ ಯಾವ ಭಾಷೆ ಬೇಗ ಬರುತ್ತದೋ ಅದೇ ಸರಿ. ಕೇಸ್ ಮಂಡನೆಯ ಇಂಗ್ಲಿಷ್‌ಗೆ ಬೇರೆ ಹೊತ್ತಿದೆ. ಹೇಳಿದ್ದು ಕೇಳಿಸದಿದ್ದರೆ ಇನ್ನೊಮ್ಮೆ ಜೋರಾಗಿ ಹೇಳಬೇಕು, ಆಗಲೂ ತಿರುಗದಿದ್ದರೆ ಹಿರಿಯ ನರ್ಸ್ ಬಳಿ ಹೋಗಬೇಕು.

ವಿಭಾಗ ಬದಲಾವಣೆಯ ಬೇಡಿಕೆಗೆ ಲೆಕ್ಕವೇ ಉತ್ತರ ಕೊಟ್ಟಿತು. 2019ರ ಪಠ್ಯಕ್ರಮದಲ್ಲಿ ನಾಲ್ಕು ವಾರಗಳ ಎರಡು ಬ್ಲಾಕ್ ಇದ್ದದ್ದು ಈಗ 15 ದಿನಗಳ ಎರಡು ಬ್ಲಾಕ್ ಆಗಿದೆ. ಶೇ. 75 ಹಾಜರಾತಿ ಮತ್ತು ಲಾಗ್‌ಬುಕ್ ಇಲ್ಲದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಹದಿನೈದಕ್ಕೆ ಹನ್ನೆರಡು ದಿನ ಬೇಕು. ಆಕೆ ಆರು ದಿನ ಮುಗಿಸಿ ಎರಡು ಕಳೆದುಕೊಂಡಿದ್ದಳು, ಏಳು ಬಾಕಿ. ಉಳಿದರೆ ಒಂದು ರಜೆಗೂ ಜಾಗವಿದೆ, ಬದಲಿಸಿದರೆ ಆರೂ ನೀರಿಗೆ. ಉಳಿಯುತ್ತೇನೆ ಎಂದಳು.

ಉಳಿದ ಏಳು ದಿನವನ್ನು ಮಾರ್ಗದರ್ಶಕರ ಒಪ್ಪಿಗೆಯೊಂದಿಗೆ ಹೊಸದಾಗಿ ಜೋಡಿಸಲಾಯಿತು. ಮೊದಲ ಎರಡು ದಿನ ಬೆಳಗಿನ ಪಾಳಿ, ಟ್ರಯಾಜ್ ನರ್ಸ್ (ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವವರು) ಪಕ್ಕದಲ್ಲಿ: ಕೆಂಪು, ಹಳದಿ, ಹಸಿರು ಎಂದು ತಾನೇ ಮನಸ್ಸಿನಲ್ಲಿ ವಿಂಗಡಿಸಿ, ನರ್ಸ್ ಹೇಳಿದ್ದಕ್ಕೆ ತಾಳೆ ನೋಡುವುದು. ಮುಂದಿನ ಎರಡು ದಿನ ಮಧ್ಯಾಹ್ನ, ಎದೆನೋವಿನವರ ಜೊತೆ. ನಮ್ಮ ಕಡೆ "ಗ್ಯಾಸ್ ಆಗ್ಯಾದ", "ಎದಿ ಹಿಡದಂಗಾಗ್ತದ" ಎನ್ನುತ್ತ ಹೃದಯಾಘಾತದವರು ನಡೆದೇ ಬರುತ್ತಾರೆ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಬಂದ ಹೊತ್ತು, ಇಸಿಜಿ ಹೊತ್ತು ಎರಡನ್ನೂ ಬರೆದಿಡುವ ಕೆಲಸ ಆಕೆಗೆ. ಆಮೇಲೆ ಅದೇ ಪಿಜಿಯೊಂದಿಗೆ ಒಂದು ರಾತ್ರಿ ಪಾಳಿ. ಕೊನೆಯ ಎರಡು ದಿನ ಮತ್ತೆ ಬೆಳಗಿನ ಪಾಳಿ, ಲಾಗ್‌ಬುಕ್‌ಗೆ ಸಹಿ ಮಾಡಿಸಿಕೊಳ್ಳುತ್ತ.

ಮುಟ್ಟಬಾರದ್ದನ್ನೂ ಬರೆದುಕೊಟ್ಟೆವು: ಎಂಎಲ್‌ಸಿ (ಪೊಲೀಸರಿಗೆ, ಕಾನೂನಿಗೆ ಸಂಬಂಧಿಸಿದ ಪ್ರಕರಣಗಳ) ರಿಜಿಸ್ಟರ್‌ನಲ್ಲಿ ಬರೆಯುವುದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು, ಸಾವಿನ ಸುದ್ದಿ ಹೇಳುವುದು, ಮೊಬೈಲ್‌ನಲ್ಲಿ ಗಾಯದ ಫೋಟೊ ತೆಗೆಯುವುದು. ಪೊಲೀಸರು ಏನೇ ಕೇಳಿದರೂ ವೈದ್ಯಾಧಿಕಾರಿಯ ಕಡೆಗೆ ಕೈ ತೋರಿಸಬೇಕು.

ರಕ್ತ ತೆಗೆಯುವ ವಿಧಾನವನ್ನು ಸೋಂಕು ನಿಯಂತ್ರಣದ ನರ್ಸ್ ಮತ್ತೆ ಕಲಿಸಿದರು. ಬಿಳಿ ಡಬ್ಬಿ ಮತ್ತು ಸೂಜಿ ಕಟ್ಟರ್ ಮೊದಲು ಬೆಡ್ ಪಕ್ಕಕ್ಕೆ ಬರಬೇಕು, ಆಮೇಲೆ ಸೂಜಿಯ ಮುಚ್ಚಳ ತೆಗೆಯಬೇಕು, ತೆಗೆದ ಮುಚ್ಚಳ ಮತ್ತೆ ಹಾಕುವಂತಿಲ್ಲ. ರೋಗಿ ಚಡಪಡಿಸುತ್ತಿದ್ದರೆ ಕೈ ಹಿಡಿಯಲು ಇನ್ನೊಬ್ಬರು ಬರುವವರೆಗೆ ಶುರು ಮಾಡಬಾರದು. ನಳಿಕೆ ಹೊಸದಾಗಿರಬೇಕು, ಒಣಗಿರಬೇಕು, ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್ ಆದರೆ ಅಥವಾ ಸೋಪಿನ ಅಂಶ ಉಳಿದಿದ್ದರೆ ವಿಷವಿಲ್ಲದಿದ್ದರೂ ರಕ್ತ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. 20 ನಿಮಿಷ ಅಲುಗಿಸದೆ ಇಟ್ಟು ಒಮ್ಮೆ ಮಾತ್ರ ಓರೆ ಮಾಡಿ ನೋಡಬೇಕು. ನಡುವೆ ಐದು ಸಲ ಎತ್ತಿ ನೋಡುವವರಿಂದಲೇ ಪರೀಕ್ಷೆ ಕೆಡುತ್ತದೆ.

ಎಲೆಕ್ಟಿವ್‌ಗೆ ಕಳಿಸುವ ಮಾರ್ಗದರ್ಶಕರಿಗೂ ಒಂದು ಪತ್ರ ಹೋಯಿತು, ಯಾರ ಹೆಸರೂ ಇಲ್ಲದೆ. ಮೊದಲ ದಿನವೇ ಪಾಳಿಯ ನರ್ಸ್‌ಗೆ ವಿದ್ಯಾರ್ಥಿಯನ್ನು ಹೆಸರಿಟ್ಟು ಪರಿಚಯಿಸಿ. ಸೂಜಿ ಚುಚ್ಚಿದರೆ ರಾತ್ರಿ ಎರಡಕ್ಕೆ ಯಾರಿಗೆ ಫೋನ್ ಮಾಡಬೇಕು, ಮೊದಲ ಮಾತ್ರೆ ಯಾವ ಕಪಾಟಿನಲ್ಲಿದೆ ಎಂದು ಕೈಯಾರೆ ತೋರಿಸಿ. ಹೆಪಟೈಟಿಸ್-ಬಿ ಮೂರೂ ಡೋಸ್ ಆಗಿದೆಯೇ ಎಂದು ಪೋಸ್ಟಿಂಗ್‌ಗೆ ಮುಂಚೆ ನೋಡಿ.

ವಿದ್ಯಾರ್ಥಿನಿಗೆ ಬಿಟ್ಟುಹೋಗಿದ್ದ ಮೂರನೇ ಡೋಸ್ ಅನ್ನು ಆ ವಾರವೇ ಹಾಕಿದರು. ವರ್ಷಗಳು ಕಳೆದಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ. ಒಂದೆರಡು ತಿಂಗಳು ಬಿಟ್ಟು ಟೈಟರ್ (ರಕ್ತದಲ್ಲಿ ಪ್ರತಿಕಾಯದ ಮಟ್ಟ) ನೋಡಬೇಕು, ಪ್ರತಿ ಎಂಎಲ್‌ಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ದಾಟಿದ್ದರೆ ರಕ್ಷಣೆ ಇದೆ ಎಂದರ್ಥ. ಆ ತಾರೀಕನ್ನು ಆಕೆ ಲಾಗ್‌ಬುಕ್‌ನ ಒಳರಟ್ಟಿನ ಮೇಲೆ ಬರೆದುಕೊಂಡಿದ್ದಾಳೆ.