ಹಳೇ ಸಿಜೆ-3ಬಿಗೆ ಕಿಡಿ ಇಲ್ಲ: ಮೊದಲು ಬಲ್ಬ್ ಹಿಡಿದು ನೋಡಿ, ಆಮೇಲೆ ಅಂಗಡಿಗೆ ಹೋಗಿ

ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಂತಿದ್ದ ಮಹೀಂದ್ರ ಸಿಜೆ-3ಬಿ ಜೀಪ್, ಹರಿಕೇನ್ ಪೆಟ್ರೋಲ್ ಎಂಜಿನ್, 12 ವೋಲ್ಟ್ ಮಾಡಿಸಿದ ಗಾಡಿ. ಸೆಲ್ಫ್ ತಿರುಗುತ್ತೆ, ಪೆಟ್ರೋಲ್ ಬರುತ್ತೆ, ನಾಲ್ಕೂ ಪ್ಲಗ್‌ನಲ್ಲಿ ಕಿಡಿ ಇಲ್ಲ, ಕಾಯಿಲ್ (12 ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಭಾಗ) ಮತ್ತು ಕಂಡೆನ್ಸರ್ (ಕಿಡಿಗೆ ಬಲ ಕೊಡುವ ಸಣ್ಣ ಡಬ್ಬಿ) ಹೊಸದು ಹಾಕಿದರೂ ಇಲ್ಲ ಅಂತ ಬರೆದಿದ್ದೀರಿ. ನಾಲ್ಕೂ ಒಟ್ಟಿಗೆ ಹೋಗಿವೆ ಅಂದಮೇಲೆ ಪ್ಲಗ್ ಮತ್ತು ಪ್ಲಗ್ ವೈರ್‌ಗಳನ್ನು ಸದ್ಯಕ್ಕೆ ಮರೆತುಬಿಡಿ. ಇನ್ನೊಂದು ಪಾರ್ಟ್ ತರುವ ಮುಂಚೆ 12 ವೋಲ್ಟ್ 5 ವಾಟ್‌ನ ಪಾರ್ಕಿಂಗ್ ಬಲ್ಬ್‌ಗೆ ಎರಡು ವೈರ್ ಬೆಸುಗೆ ಹಾಕಿಸಿಕೊಳ್ಳಿ. ಈ ಕೆಲಸಕ್ಕೆ ಮಲ್ಟಿಮೀಟರ್‌ಗಿಂತ ಬಲ್ಬೇ ವಾಸಿ. ವೈರ್‌ನ ಜೋಡಣೆಗೆ ತುಕ್ಕು ಹಿಡಿದು ಕರೆಂಟ್ ಸರಿಯಾಗಿ ದಾಟದಿದ್ದರೂ ಮೀಟರ್ 12 ತೋರಿಸುತ್ತೆ, ಬಲ್ಬ್ ಮಂಕಾಗುತ್ತೆ.

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಒಂದೊಂದೇ ಪ್ಲಗ್‌ಗೆ ಹಂಚುವ ಭಾಗ) ಮೇಲಿನ ಕ್ಯಾಪ್‌ನ ನಡುವಿಗೆ ಹೋಗುವ ದಪ್ಪ ವೈರನ್ನು ಕ್ಯಾಪ್‌ನಿಂದ ಕಿತ್ತು ಎಂಜಿನ್ ಬ್ಲಾಕ್‌ಗೆ ತಾಗಿಸಿ ಕಟ್ಟಿ. ಸುಮ್ಮನೆ ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಒಳಗೇ ಸುಡಬಹುದು. ಬಲ್ಬ್‌ನ ಒಂದು ವೈರ್ ಬ್ಲಾಕ್‌ಗೆ, ಇನ್ನೊಂದು ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್‌ಗೆ. ಹೊಸ ಕಾಯಿಲ್‌ನಲ್ಲಿ ಅದು ಮೈನಸ್, ಹಳೇ ಲೂಕಾಸ್ ಕಾಯಿಲ್ ಆದರೆ ‘ಸಿಬಿ’ ಅಂತ ಬರೆದಿರುತ್ತೆ. ಕೀ ಆನ್ ಮಾಡಿ, ಮುಂದಿನಿಂದ ತೂರಿಸುವ ಸ್ಟಾರ್ಟಿಂಗ್ ಹ್ಯಾಂಡಲ್‌ನಿಂದ ಎಂಜಿನ್ ನಿಧಾನ ತಿರುಗಿಸಿ. ಎಲ್ಲ ಸರಿ ಇದ್ದರೆ ಹ್ಯಾಂಡಲ್‌ನ ಒಂದು ಸುತ್ತಿಗೆ ಬಲ್ಬ್ ಎರಡು ಸಲ ಹತ್ತಿ ಆರಬೇಕು.

ಬಲ್ಬ್ ಹತ್ತಿದ್ದು ಆರಲೇ ಇಲ್ಲವೇ? ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಮುಚ್ಚಿ ತೆರೆಯುವ ಪುಟ್ಟ ಸ್ವಿಚ್) ಕೂಡುತ್ತಿಲ್ಲ. ಮಳೆಗಾಲ ಕಳೆದ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಟಂಗ್‌ಸ್ಟನ್ ಮುಖದ ಮೇಲೆ ತೇವಕ್ಕೆ ಬೂದು ಪೊರೆ ಕಟ್ಟುತ್ತೆ, ಕಣ್ಣಿಗೆ ಪಾಯಿಂಟ್ ಮುಚ್ಚಿದಂತೆ ಕಂಡರೂ ಕರೆಂಟ್ ದಾಟಲ್ಲ. ಸಣ್ಣ ಚಪ್ಪಟೆ ಅರದಿಂದ ಎರಡು ಮುಖವನ್ನೂ ಹಗುರವಾಗಿ ಉಜ್ಜಿ, ಪೆಟ್ರೋಲ್‌ನಲ್ಲಿ ಅದ್ದಿದ ದಪ್ಪ ಕಾಗದವನ್ನು ನಡುವೆ ಹಾಕಿ ಎಳೆಯಿರಿ. ಎಮರಿ ಪೇಪರ್ ಬೇಡ, ಅದರ ಕಣ ಮುಖದಲ್ಲಿ ಕಂತಿ ಕೂತು ಮತ್ತೆ ಅಡ್ಡ ಬರುತ್ತೆ. ಹೊಸ ಪಾಯಿಂಟ್ ಹಾಕಿದರೂ ತುಕ್ಕು ಹಿಡಿಯದಿರಲಿ ಅಂತ ಸವರಿದ್ದನ್ನು ಒರೆಸಿಯೇ ಕೂರಿಸಬೇಕು. ಆಮೇಲೆ ಗ್ಯಾಪ್: ಪಾಯಿಂಟ್‌ನ ಫೈಬರ್ ಹಿಮ್ಮಡಿ ಕ್ಯಾಮ್‌ನ (ಪಾಯಿಂಟ್ ತೆರೆಸುವ, ಶಾಫ್ಟ್‌ನ ಮೂಲೆಯುಳ್ಳ ಭಾಗ) ತುದಿ ಏರಿ ನಿಂತಾಗ ಲೂಕಾಸ್ ಡಿಸ್ಟ್ರಿಬ್ಯೂಟರ್ ಆದರೆ 0.35ರಿಂದ 0.40 ಮಿ.ಮೀ., ಮೂಲದ ಆಟೋಲೈಟ್ ಆದರೆ 0.50 ಮಿ.ಮೀ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ತಗಡು) ಒರೆಸಿ ಹಾಕಿ. ಗೇಜ್‌ನ ಎಣ್ಣೆ ಪಾಯಿಂಟ್‌ಗೆ ಹತ್ತಿದರೆ ಅರ್ಧ ಗಂಟೆ ಉಜ್ಜಿದ್ದು ನೀರಲ್ಲಿ ಹೋಮ. ಇಷ್ಟಾದರೂ ಬಲ್ಬ್ ಆರದಿದ್ದರೆ ಕಾಯಿಲ್‌ನಿಂದ ಬರುವ ಸಣ್ಣ ವೈರ್, ಪಾಯಿಂಟ್ ಕೂತಿರುವ ಪ್ಲೇಟ್‌ನ ಅರ್ತ್ ವೈರ್ ಎರಡನ್ನೂ ಎಳೆದು ನೋಡಿ. ಹೊರಗೆ ಸಿಪ್ಪೆ ಸರಿಯಾಗಿದ್ದು ಒಳಗೆ ತಾಮ್ರ ತುಂಡಾಗಿರುತ್ತೆ; ತುಂಡಾದ ಜಾಗದಲ್ಲಿ ವೈರ್ ರಬ್ಬರ್ ಥರ ಹಿಗ್ಗುತ್ತೆ.

ಹಾಗೇ ಕ್ಯಾಪ್ ತೆಗೆದು, ಎಂಜಿನ್ ತಿರುಗಿಸಿದಾಗ ರೋಟರ್ (ಕ್ಯಾಪ್ ಒಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು) ತಿರುಗುತ್ತಾ ನೋಡಿ. ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್‌ಗೆ ತಿರುಗು ಬರುವುದು ಆಯಿಲ್ ಪಂಪ್ ಶಾಫ್ಟ್‌ನಿಂದ. ರೋಟರ್ ನಿಂತಿದ್ದರೆ ಆಯಿಲ್ ಪಂಪ್ ಕೂಡ ನಿಂತಿರಬಹುದು, ಸೆಲ್ಫ್ ಹೊಡೆಯುವುದನ್ನು ಅಲ್ಲಿಗೇ ಬಿಡಿ.

ಬಲ್ಬ್ ಹತ್ತಲೇ ಇಲ್ಲ ಅಂದರೆ ಅದನ್ನು ಕಾಯಿಲ್‌ನ ಪ್ಲಸ್‌ಗೆ ಹಿಡಿಯಿರಿ. ಅಲ್ಲೂ ಇಲ್ಲ: ಕೀ ಸ್ವಿಚ್, ಅದರ ವೈರ್ ಅಥವಾ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ತುಂಡು) ಹೋಗಿದೆ. ಪ್ಲಸ್‌ನಲ್ಲಿ ಹತ್ತಿತು: ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವೈರನ್ನು ಕಾಯಿಲ್‌ನಿಂದ ಬಿಚ್ಚಿ ಮತ್ತೆ ಮೈನಸ್‌ಗೆ ಹಿಡಿಯಿರಿ. ಆಗಲೂ ಹತ್ತದಿದ್ದರೆ ಹೊಸ ಕಾಯಿಲೇ ಒಳಗೆ ಕಡಿದಿದೆ. ಹತ್ತಿದರೆ ಡಿಸ್ಟ್ರಿಬ್ಯೂಟರ್ ಒಳಗೆ ಶಾರ್ಟ್, ಅಥವಾ ಪಾಯಿಂಟ್ ತೆರೆಯುತ್ತಲೇ ಇಲ್ಲ. ಕಂಡೆನ್ಸರ್ ಬದಲಿಸಿದ ತಕ್ಷಣ ಬರುವ ಶಾರ್ಟ್ ಹೆಚ್ಚಾಗಿ ಜೋಡಿಸಿದ ಕೈಯದು. ಪಾಯಿಂಟ್ ಸ್ಪ್ರಿಂಗ್, ಕಂಡೆನ್ಸರ್ ವೈರ್, ಕಾಯಿಲ್ ವೈರ್ ಮೂರೂ ಒಂದಕ್ಕೊಂದು ತಾಗಬೇಕು, ಆದರೆ ನಟ್ ಕೂರುವ ಕಂಬಕ್ಕೆ ತಾಗಬಾರದು. ಕಂಬಕ್ಕೂ ಅವಕ್ಕೂ ನಡುವೆ ಟೋಪಿ ಆಕಾರದ ಪ್ಲಾಸ್ಟಿಕ್ ಬುಷ್ ಇರುತ್ತೆ; ಅದು ತಲೆಕೆಳಗಾದರೆ, ವೈರ್‌ನ ಕಿವಿ ಬುಷ್ ದಾಟಿ ಕೂತರೆ ಕಿಡಿ ಖತಂ. ಅದು ಸರಿ ಇದ್ದರೆ ಡಿಸ್ಟ್ರಿಬ್ಯೂಟರ್ ವೈರನ್ನು ಕಾಯಿಲ್‌ಗೆ ಮತ್ತೆ ಹಾಕಿ, ಕಂಡೆನ್ಸರ್ ವೈರ್ ಬಿಚ್ಚಿ ಹ್ಯಾಂಡಲ್ ತಿರುಗಿಸಿ. ಬಲ್ಬ್ ಮಿನುಗಿದರೆ ಆ ಹೊಸ ಕಂಡೆನ್ಸರೇ ಶಾರ್ಟ್. ಒಳ್ಳೆಯದು ಸುಮಾರು 0.2 ಮೈಕ್ರೋಫ್ಯಾರಡ್ ತೋರಿಸಬೇಕು. ಹಳೆಯದನ್ನು ಎಸೆದಿರದಿದ್ದರೆ ಅದನ್ನೇ ಹಾಕಿ ನೋಡಿ, ಈಗ ಸಿಗುವ ಅಗ್ಗದ ಮಾಲಿಗಿಂತ ಎಷ್ಟೋ ವಾಸಿ ಇರುತ್ತೆ.

ಬಲ್ಬ್ ಸರಿಯಾಗಿ ಮಿನುಗಿತು ಅಂದರೆ 12 ವೋಲ್ಟ್ ಕಡೆ ಸರಿ ಇದೆ, ದಪ್ಪ ವೈರ್ ಕಡೆ ಹೋಗಿ. ಪಾಯಿಂಟ್ ಮುಚ್ಚಿರುವಾಗ ಕೀ ಆನ್ ಮಾಡಿ, ದಪ್ಪ ವೈರ್‌ನ ತುದಿಯನ್ನು ಒಣ ಮರದ ಕ್ಲಿಪ್‌ನಿಂದ ಬ್ಲಾಕ್‌ಗೆ 6 ಮಿ.ಮೀ. ದೂರದಲ್ಲಿ ಹಿಡಿದು, ಬಿದಿರು ಕಡ್ಡಿಯಿಂದ ಪಾಯಿಂಟನ್ನು ಮೀಟಿ. ಸ್ಕ್ರೂಡ್ರೈವರ್ ಬೇಡ, ಬಾಡಿಗೆ ತಾಗಿದರೆ ಅದೇ ಅರ್ತ್ ಮಾಡುತ್ತೆ. ಪ್ರತಿ ಸಲ ಚಟ್ ಅಂತ ನೀಲಿ ಕಿಡಿ ಹಾರಬೇಕು. ಹತ್ತಿರ ಪೆಟ್ರೋಲ್ ಸೋರಿರಬಾರದು. ಹಾರದಿದ್ದರೆ ಆ ವೈರ್ ಅಥವಾ ಕಾಯಿಲ್. ಬಡಕಲು ಹಳದಿ ಕಿಡಿ ಬಂದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ.

ಕಿಡಿ ಚೆನ್ನಾಗಿದ್ದೂ ಪ್ಲಗ್‌ಗೆ ತಲುಪದಿದ್ದರೆ ರೋಟರ್ ನೋಡಿ. ಅದನ್ನು ಜಾಗದಲ್ಲೇ ಬಿಟ್ಟು, ದಪ್ಪ ವೈರನ್ನು ಅದರ ಹಿತ್ತಾಳೆಯಿಂದ 3 ಮಿ.ಮೀ. ಮೇಲೆ ಹಿಡಿದು ಪಾಯಿಂಟ್ ಮೀಟಿ. ರೋಟರ್‌ಗೆ ಕಿಡಿ ಮತ್ತೆ ಮತ್ತೆ ಹಾರಿದರೆ ಅದು ತೂತಾಗಿ ಶಾಫ್ಟ್‌ಗೆ ಸೋರುತ್ತಿದೆ. ಹೊರಗೆ ಏನೂ ಕಾಣಲ್ಲ. ಕ್ಯಾಪ್ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಇದ್ದರೆ ಕ್ಯಾಪ್ ಬದಲಿಸಿ, ಬರೀ ತೇವ ಇದ್ದರೆ ಒರೆಸಿ ಬಿಸಿಲಿಗಿಡಿ. ನಡುವಿನ ಕಾರ್ಬನ್ ಬ್ರಷ್ ಒತ್ತಿದಾಗ ಪುಟಿಯಬೇಕು.

ಹೊಸ ಕಾಯಿಲ್‌ನ ಪ್ಲಸ್–ಮೈನಸ್ ನಡುವೆ ಓಮ್ ಅಳೆಯಿರಿ. 3 ಓಮ್ ಆಸುಪಾಸು ಇದ್ದರೆ ನೇರ 12 ವೋಲ್ಟ್‌ನದು. 1.5 ಇದ್ದರೆ ಅದಕ್ಕೆ ಬ್ಯಾಲಸ್ಟ್ ಬೇಕೇ ಬೇಕು, ಇಲ್ಲದಿದ್ದರೆ ಕಾಯಿಲ್ ಕಾದು ಪಾಯಿಂಟ್ ಕರಕಲಾಗುತ್ತೆ. ಯಾವ ಕಾಯಿಲ್ ಆದರೂ ಪಾಯಿಂಟ್ ಮುಚ್ಚಿರುವಾಗ ಕೀ ಆನ್ ಬಿಟ್ಟು ಚಹಾಕ್ಕೆ ಹೋಗಬೇಡಿ.

ಇಷ್ಟೆಲ್ಲದರಲ್ಲಿ ವೈರ್‌ಗಳನ್ನು ಕಿತ್ತಿದ್ದರೆ ಹಾಕುವ ಕ್ರಮ 1-3-4-2, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ. ಪ್ಲಗ್ ಗ್ಯಾಪ್ 0.75 ಮಿ.ಮೀ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ತಿರುಗಿ ಹೊಡೆದರೆ ಮುರಿಯುವುದು ಅದೇ. ಹ್ಯಾಂಡಲ್‌ಗೆ ಸ್ಟಾರ್ಟ್ ಆಗಿ ಸೆಲ್ಫ್‌ಗೆ ಆಗದಿದ್ದರೆ ಬ್ಯಾಟರಿ, ಇಲ್ಲವೇ ಎಂಜಿನ್‌ನಿಂದ ಚಾಸಿಗೆ ಬರುವ ಅರ್ತ್ ಪಟ್ಟಿ ನೋಡಿ.

ಬಲ್ಬ್ ಮಿನುಗಿತೋ, ಹತ್ತಿಯೇ ಇತ್ತೋ, ಹತ್ತಲೇ ಇಲ್ಲವೋ ಬರೆಯಿರಿ. ಪಾಯಿಂಟ್ ಹತ್ತಿರದಿಂದ ಕಾಣುವ ಒಂದು ಫೋಟೋನೂ ಹಾಕಿ, ಬುಷ್ ಹೇಗೆ ಕೂತಿದೆ ಅಂತ ಗೊತ್ತಾಗುತ್ತೆ.